ಗುಂಡಿ ಒತ್ತಿದರೆ ದಸ್ತಾವೇಜು ಬಂದೀತೆ?

ಮನೆ ಕಟ್ಟಿಸುವವರು ಮೊದಲು ನಕ್ಷೆ ಬರೆಸುತ್ತಾರೆ. ಸಾಫ್ಟ್‌ವೇರ್ ಕಟ್ಟುವವರೂ ಹಾಗೆಯೇ. ಅವರ ನಕ್ಷೆಯಲ್ಲಿ ಗೋಡೆ, ಬಾಗಿಲುಗಳ ಬದಲು ಪೆಟ್ಟಿಗೆಗಳೂ ಬಾಣದ ಗುರುತುಗಳೂ ಇರುತ್ತವೆ. ಬ್ಯಾಂಕಿನ ಸಾಫ್ಟ್‌ವೇರ್ ಎಂದರೆ ‘ಗ್ರಾಹಕ’ ಒಂದು ಪೆಟ್ಟಿಗೆ, ‘ಖಾತೆ’ ಇನ್ನೊಂದು, ‘ಸಾಲ’ ಮತ್ತೊಂದು. ಯಾವುದಕ್ಕೆ ಯಾವುದರೊಡನೆ ಏನು ಸಂಬಂಧ ಎಂದು ತೋರಿಸಲು ನಡುವೆ ಗೆರೆಗಳು. ಇದಕ್ಕೆ ‘ಮಾಡೆಲ್’ ಅಥವಾ ಮಾದರಿ ಎಂದು ಹೆಸರು. ಇಂಥ ಮಾದರಿಗಳನ್ನು ಬರೆಯಲೆಂದೇ ಬೇರೆ ಸಾಫ್ಟ್‌ವೇರ್‌ಗಳಿವೆ. ಅವುಗಳಲ್ಲಿ ಹಲವು ಒಂದು ಆಶ್ವಾಸನೆ ಕೊಡುತ್ತವೆ: ಮಾದರಿಯನ್ನು ಸರಿಯಾಗಿ ಬರೆಯಿರಿ ಸಾಕು, ಗುಂಡಿ ಒತ್ತಿದರೆ ಅಚ್ಚುಕಟ್ಟಾದ ದಸ್ತಾವೇಜು ತಾನಾಗಿ ಬರುತ್ತದೆ.

ಗುಂಡಿ ಒತ್ತಿದವರ ಅನುಭವ ಬೇರೆ. ನಾಲ್ಕುನೂರು ಪುಟಗಳ ಕಡತವೇನೋ ಬರುತ್ತದೆ. ಆದರೆ ಶೀರ್ಷಿಕೆ ಇದ್ದಲ್ಲಿ ವಿವರಣೆ ಇರುವುದಿಲ್ಲ. ಅಧ್ಯಾಯಗಳ ಸಂಖ್ಯೆ ನಡುವೆ ಮತ್ತೆ ಒಂದರಿಂದ ಶುರುವಾಗುತ್ತದೆ. ಕೋಷ್ಟಕದ ಕೊನೆಯ ಅಂಕಣ ಪುಟದ ಅಂಚಿನಾಚೆ ಜಾರಿರುತ್ತದೆ. ಚಿತ್ರಗಳಂತೂ ಭೂತಗನ್ನಡಿ ಬೇಡುತ್ತವೆ. ಎಲ್ಲವನ್ನೂ ಕೈಯಿಂದ ತಿದ್ದಿ ಮುಗಿಸುವಷ್ಟರಲ್ಲಿ ಮಾದರಿಯಲ್ಲಿ ಏನೋ ಬದಲಾಗುತ್ತದೆ. ಮತ್ತೆ ಗುಂಡಿ ಒತ್ತಿದರೆ ಹೊಸ ಕಡತ ಬಂದು, ತಿದ್ದಿದ್ದೆಲ್ಲ ಹೊಳೆಯಲ್ಲಿ ಹುಣಿಸೆ ಹಣ್ಣು ತೊಳೆದಂತೆ ಆಗುತ್ತದೆ.

ಈ ಕಿರಿಕಿರಿ ಇಂದು ನಿನ್ನೆಯದಲ್ಲ. ಕಂಪ್ಯೂಟರ್ ಕಾರ್ಯಕ್ರಮಗಳನ್ನು ಚಿತ್ರದಲ್ಲಿ ಬರೆಯಲು ಹೊರಟ ದಿನಗಳಿಂದಲೂ ಅದರ ಬೇರು ಹಿಡಿದುಕೊಂಡು ಬರಬಹುದು.

ಹಿಂದುಮುಂದಾದ ನಕ್ಷೆ

ಕೆಲಸದ ಹಂತಗಳನ್ನು ಗುರುತುಗಳ ಮೂಲಕ ಬರೆದು ತೋರಿಸುವ ಪದ್ಧತಿಯನ್ನು ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟಿದ್ದರು. ಅದು ಕಾರ್ಖಾನೆಗಳಿಗಾಗಿ. ಕಂಪ್ಯೂಟರಿಗಾಗಿ ಇಂಥದೇ ಚಿತ್ರವನ್ನು ವಿವರವಾಗಿ ರೂಪಿಸಿದವರು ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ವಾನ್ ನ್ಯೂಮನ್. ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಯಿಂದ 1947ರಲ್ಲಿ ಹೊರಬಂದ ಅವರ ವರದಿಯಲ್ಲಿ, ಲೆಕ್ಕ ಯಾವ ಹಂತದಿಂದ ಯಾವ ಹಂತಕ್ಕೆ ಹರಿಯಬೇಕು ಎಂಬುದನ್ನು ಪೆಟ್ಟಿಗೆ ಮತ್ತು ಗೆರೆಗಳಿಂದ ತೋರಿಸಿದ್ದರು. ಇದೇ ಮುಂದೆ ‘ಫ್ಲೋ ಚಾರ್ಟ್’ ಎಂಬ ಹೆಸರಿನಲ್ಲಿ ಶಾಲೆಯ ಪಠ್ಯದವರೆಗೂ ಬಂತು.

ಮೊದಲು ಚಿತ್ರ, ನಂತರ ಕಾರ್ಯಕ್ರಮ ಎಂಬುದು ನಿಯಮ. ನಡೆದದ್ದು ಉಲ್ಟಾ. ಕಾರ್ಯಕ್ರಮ ಬರೆಯುವವರಿಗೆ ಚಿತ್ರ ಬಿಡಿಸುವುದು ಬೇಸರದ ಕೆಲಸ. ಬರೆದು ಮುಗಿದ ಮೇಲೆ, ಮೇಲಿನವರು ಕೇಳುತ್ತಾರೆಂದು ಚಿತ್ರ ಬಿಡಿಸಿ ಕಡತಕ್ಕೆ ಸೇರಿಸುತ್ತಿದ್ದರು. ಹೇಗೂ ಕೊನೆಗೆ ಬಿಡಿಸುವುದಾದರೆ ಅದನ್ನೂ ಯಂತ್ರಕ್ಕೇ ಏಕೆ ವಹಿಸಬಾರದು? ಐಬಿಎಮ್‌ನಲ್ಲಿ ಫೋರ್ಟ್ರಾನ್ ಭಾಷೆಯನ್ನು ರೂಪಿಸಿದ ತಂಡದಲ್ಲಿದ್ದ ಲೋಯಿಸ್ ಹೈಬ್ಟ್, ಬರೆದಿಟ್ಟ ಕಾರ್ಯಕ್ರಮದಿಂದ ಫ್ಲೋ ಚಾರ್ಟ್ ತಾನಾಗಿ ಮೂಡುವಂತೆ ಮಾಡುವ ವಿಧಾನವನ್ನು 1959ರಲ್ಲಿ ಪ್ರಕಟಿಸಿದರು.

ಇದರಿಂದ ಒಂದು ವ್ಯಾಪಾರವೇ ಹುಟ್ಟಿತು. ಪ್ರಿನ್ಸ್‌ಟನ್ನಿನ ಅಪ್ಲೈಡ್ ಡೇಟಾ ರಿಸರ್ಚ್ ಎಂಬ ಸಣ್ಣ ಕಂಪನಿ ಚಿತ್ರ ಬಿಡಿಸುವ ‘ಆಟೋಫ್ಲೋ’ ಕಾರ್ಯಕ್ರಮವನ್ನು ಕಂಪ್ಯೂಟರ್ ತಯಾರಕರಿಗೆ ತೋರಿಸಿತು; ಅವರು ಬೇಡವೆಂದರು. ಕಂಪನಿ 1965ರಿಂದ ಅದನ್ನು ನೇರವಾಗಿ ಬಳಕೆದಾರರಿಗೇ ಮಾರತೊಡಗಿತು. ಸಾಫ್ಟ್‌ವೇರನ್ನು ಯಂತ್ರದಿಂದ ಬೇರ್ಪಡಿಸಿ ಸರಕಿನಂತೆ ಮಾರಿದ ಮೊಟ್ಟಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಐಬಿಎಮ್ ಇಂಥದೇ ಕಾರ್ಯಕ್ರಮವನ್ನು ಪುಕ್ಕಟೆ ಕೊಡುತ್ತಿದೆ ಎಂದು 1969ರಲ್ಲಿ ಈ ಕಂಪನಿ ನ್ಯಾಯಾಲಯಕ್ಕೂ ಹೋಯಿತು. ಈಗ ಜಗತ್ತನ್ನೇ ಆವರಿಸಿರುವ ಸಾಫ್ಟ್‌ವೇರ್ ಮಾರುಕಟ್ಟೆಯ ಹೊಸ್ತಿಲಲ್ಲಿ ನಿಂತಿದ್ದ ಸರಕುಗಳಲ್ಲಿ ಒಂದು, ದಸ್ತಾವೇಜು ತಯಾರಿಸುವ ಬೇಸರದಿಂದ ಹುಟ್ಟಿದ್ದು ಎಂಬುದು ನೆನಪಿಡಬೇಕಾದ ಸಂಗತಿ.

ಆದರೆ ಯಂತ್ರ ಬಿಡಿಸಿದ ಚಿತ್ರಗಳಿಂದ ಯಾರಿಗೆ ಪ್ರಯೋಜನವಾಯಿತು? ಐಬಿಎಮ್‌ನ ದೊಡ್ಡ ಯೋಜನೆಗಳನ್ನು ನಡೆಸಿದ್ದ ಫ್ರೆಡರಿಕ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಫ್ಲೋ ಚಾರ್ಟಿನ ಮರ್ಯಾದೆ ತೆಗೆದರು. ವಿವರವಾದ ಚಾರ್ಟನ್ನು ಮೊದಲೇ ಬರೆದು ಆಮೇಲೆ ಕಾರ್ಯಕ್ರಮ ಬರೆಯುವ ಅನುಭವಿಯನ್ನು ತಾವು ಕಂಡಿಲ್ಲ, ಅದು ನಿಯಮಕ್ಕಾಗಿ ಆಮೇಲೆ ತಯಾರಾಗುವ ವಸ್ತು ಎಂಬುದು ಅವರ ಟೀಕೆ. ಎರಡು ವರ್ಷಗಳ ನಂತರ ಬೆನ್ ಶ್ನೈಡರ್‌ಮನ್ ಮತ್ತು ಸಂಗಡಿಗರು ಪ್ರಯೋಗಗಳನ್ನೇ ನಡೆಸಿ, ಕಾರ್ಯಕ್ರಮದ ಜೊತೆಗೆ ವಿವರವಾದ ಫ್ಲೋ ಚಾರ್ಟ್ ಕೊಟ್ಟರೂ ಓದುವವರ ತಿಳಿವಳಿಕೆ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ ಎಂದು ವರದಿ ಮಾಡಿದರು. ಅದು ಸಹಜವೇ. ಕಾರ್ಯಕ್ರಮದಲ್ಲಿ ಇದ್ದದ್ದನ್ನೇ ಯಂತ್ರ ಮತ್ತೊಮ್ಮೆ ಬಿಡಿಸಿಕೊಟ್ಟಿತ್ತು; ಇಲ್ಲದ್ದನ್ನು ಅದು ಎಲ್ಲಿಂದ ತರಬೇಕು?

ಬಲೆ ಮತ್ತು ದಾರ

ಇದರ ಜೊತೆಯಲ್ಲೇ ಇನ್ನೊಂದು ಪ್ರಯತ್ನ ಸಾಗಿತ್ತು. ಮಿಷಿಗನ್ ವಿಶ್ವವಿದ್ಯಾಲಯದ ಡೇನಿಯಲ್ ಟೈಕ್ರೋ ಅವರ ತಂಡ, ಕಾರ್ಯಕ್ರಮ ಬರೆಯುವುದಕ್ಕೂ ಮೊದಲೇ ವ್ಯವಸ್ಥೆ ಹೇಗಿರಬೇಕೆಂಬುದನ್ನು ಕಟ್ಟುನಿಟ್ಟಾದ ಭಾಷೆಯೊಂದರಲ್ಲಿ ದಾಖಲಿಸಿ ಕಂಪ್ಯೂಟರಿಗೆ ತುಂಬುವ ವಿಧಾನವನ್ನು ರೂಪಿಸಿತು. ಹಾಗೆ ತುಂಬಿದ್ದರಿಂದ ಬೇಕಾದ ವರದಿಗಳನ್ನು ಯಂತ್ರವೇ ತೆಗೆದುಕೊಡುತ್ತಿತ್ತು. ಪಿಎಸ್‌ಎಲ್/ಪಿಎಸ್‌ಎ ಎಂಬ ಈ ಪದ್ಧತಿಯ ಬಗ್ಗೆ 1977ರಲ್ಲಿ ಬಂದ ಲೇಖನದ ಶೀರ್ಷಿಕೆಯಲ್ಲೇ ದಸ್ತಾವೇಜಿನ ಮಾತಿತ್ತು. ಇಂದಿನ ಮಾದರಿ ಸಲಕರಣೆಗಳ ಹಿರಿಯಜ್ಜ ಇದೇ ಎನ್ನಬಹುದು. 1980ರ ದಶಕದಲ್ಲಿ ಮೇಜಿನ ಮೇಲಿನ ಕಂಪ್ಯೂಟರ್ ಬಂದಾಗ ಪರದೆಯ ಮೇಲೆ ಚಿತ್ರ ಬಿಡಿಸುವ ಸಲಕರಣೆಗಳು ಸಾಲುಸಾಲಾಗಿ ಬಂದವು. ಅಮೆರಿಕದ ರಕ್ಷಣಾ ಇಲಾಖೆ 1985ರಲ್ಲಿ ಹೊರಡಿಸಿ 1988ರಲ್ಲಿ ಪರಿಷ್ಕರಿಸಿದ 2167 ಎಂಬ ಮಾನಕ, ಸಾಫ್ಟ್‌ವೇರಿನ ಜೊತೆ ಯಾವ್ಯಾವ ದಸ್ತಾವೇಜು ಯಾವ್ಯಾವ ಕ್ರಮದಲ್ಲಿ ಇರಬೇಕೆಂದು ವಿಧಿಸಿತು. ಸರಿ, ಸಲಕರಣೆ ಮಾರುವವರೂ ‘ಮಾನಕಕ್ಕೆ ತಕ್ಕ ದಸ್ತಾವೇಜು ನಮ್ಮಲ್ಲಿ ತಾನಾಗಿ ಬರುತ್ತದೆ’ ಎನ್ನತೊಡಗಿದರು. ಗ್ರೇಡಿ ಬೂಚ್, ಜೇಮ್ಸ್ ರಂಬಾ ಮತ್ತು ಇವಾರ್ ಜೇಕಬ್‌ಸನ್ ಅವರ ಚಿತ್ರಪದ್ಧತಿಗಳು ಕೂಡಿ ರೂಪುಗೊಂಡ ಯುಎಮ್‌ಎಲ್ 1997ರಲ್ಲಿ ಮಾನ್ಯತೆ ಪಡೆದ ಮೇಲೆ ಈ ಆಶ್ವಾಸನೆ ಎಲ್ಲ ಕಡೆ ಹರಡಿತು.

ಆಶ್ವಾಸನೆ ಏಕೆ ಪೂರ್ತಿ ನಿಜವಾಗಲಿಲ್ಲ? ಕಾರಣ ಸರಳ. ಮಾದರಿ ಒಂದು ಬಲೆ. ದಸ್ತಾವೇಜು ಒಂದು ದಾರ. ಬಲೆಯಲ್ಲಿ ಪ್ರತಿ ಗಂಟೂ ಹತ್ತಾರು ಗಂಟುಗಳಿಗೆ ತಗುಲಿಕೊಂಡಿರುತ್ತದೆ. ಅದಕ್ಕೆ ಆರಂಭವೂ ಇಲ್ಲ, ಕೊನೆಯೂ ಇಲ್ಲ. ದಸ್ತಾವೇಜಿಗೆ ಮೊದಲ ಪುಟ ಇರಲೇಬೇಕು, ಅದರ ಮುಂದೆ ಎರಡನೆಯದು. ಬಲೆಯನ್ನು ಬಿಚ್ಚಿ ದಾರ ಮಾಡುವಾಗ ಯಾವುದು ಮೊದಲು ಎಂದು ಯಾರಾದರೂ ನಿರ್ಧರಿಸಬೇಕು. ಯಂತ್ರಕ್ಕೆ ಗೊತ್ತಿರುವ ಕ್ರಮ ಅಕ್ಷರಾನುಕ್ರಮ, ಇಲ್ಲವೇ ಪೆಟ್ಟಿಗೆಗಳನ್ನು ಕೂಡಿಟ್ಟ ಕಡತಗಳ ಕ್ರಮ. ‘ಖಾತೆ’ ಮುಖ್ಯ, ‘ಖಾತೆಯ ಬಣ್ಣ’ ಮುಖ್ಯವಲ್ಲ ಎಂಬುದು ಅದಕ್ಕೆ ತಿಳಿಯದು; ಎರಡಕ್ಕೂ ಒಂದೊಂದು ಪುಟ ಕೊಟ್ಟುಬಿಡುತ್ತದೆ. ವಿವರಣೆ ಬರೆಯದೆ ಬಿಟ್ಟ ಪೆಟ್ಟಿಗೆಗೂ ಶೀರ್ಷಿಕೆ ಹಾಕಿ ಕೆಳಗೆ ಖಾಲಿ ಬಿಡುತ್ತದೆ.

ಚಿತ್ರ ಕುಗ್ಗುವುದೂ ಹೀಗೆಯೇ. ಪರದೆಯ ಮೇಲೆ ಮಾದರಿಗೆ ಎಲ್ಲೆಯಿಲ್ಲ. ಎ4 ಕಾಗದದ ಅಗಲ 21 ಸೆಂಟಿಮೀಟರ್. ಎರಡೂ ಬದಿಯ ಅಂಚು ಕಳೆದರೆ ಉಳಿಯುವುದು 17. ಒಂದು ಮೀಟರ್ ಅಗಲಕ್ಕೆ ಹರಡಿಕೊಂಡ ಚಿತ್ರವನ್ನು ಅದರಲ್ಲಿ ಕೂಡಿಸಿದರೆ ಎಲ್ಲವೂ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. 12 ಪಾಯಿಂಟ್ ಅಕ್ಷರ 2 ಪಾಯಿಂಟ್ ಆಗುತ್ತದೆ. ಯಾವ ಪತ್ರಿಕೆಯ ಮೊಳೆ ಜೋಡಿಸುವವರೂ ಅಂಥ ಅಕ್ಷರವನ್ನು ಓದುಗರ ಮುಂದೆ ಇಡುತ್ತಿರಲಿಲ್ಲ. ಒಂದು ಸಲಕರಣೆಯಿಂದ ಇನ್ನೊಂದಕ್ಕೆ ಮಾದರಿಯನ್ನು ಸಾಗಿಸಲೆಂದು ಬಂದ ಎಕ್ಸ್‌ಎಮ್‌ಐ ಎಂಬ ಮಾನಕದ ಮೊದಲ ಆವೃತ್ತಿಗಳು ಇನ್ನೂ ವಿಚಿತ್ರ. ಪೆಟ್ಟಿಗೆಗಳ ಹೆಸರು, ಸಂಬಂಧ ಎಲ್ಲ ಸಾಗುತ್ತಿದ್ದವು; ಚಿತ್ರದಲ್ಲಿ ಯಾವ ಪೆಟ್ಟಿಗೆ ಎಲ್ಲಿತ್ತು ಎಂಬುದು ಮಾತ್ರ ಸಾಗುತ್ತಿರಲಿಲ್ಲ. ಓದುವವನ ಕಣ್ಣಿಗೆ ಬೇಕಾದದ್ದನ್ನು ಯಂತ್ರ ಮಾಹಿತಿ ಎಂದೇ ಎಣಿಸಿರಲಿಲ್ಲ.

ಅಕ್ಷರ ವಿನ್ಯಾಸಕ್ಕೆ ಒಗ್ಗದ ಯಂತ್ರವೇನೂ ಅಲ್ಲ ಕಂಪ್ಯೂಟರ್. ಎಮ್‌ಐಟಿಯಲ್ಲಿ ಜೆರೋಮ್ ಸಾಲ್ಟ್‌ಜರ್ 1964ರಲ್ಲೇ ‘ರನ್‌ಆಫ್’ ಎಂಬ ಕಾರ್ಯಕ್ರಮದಿಂದ ಬರಹವನ್ನು ಪುಟಗಳಾಗಿ ಜೋಡಿಸಿದ್ದರು. ಯುನಿಕ್ಸ್ ವ್ಯವಸ್ಥೆಯ ಮೊದಲ ಗಿರಾಕಿ ಬೆಲ್ ಲ್ಯಾಬ್ಸ್‌ನ ಪೇಟೆಂಟ್ ವಿಭಾಗ. 1971ರಲ್ಲಿ ಅವರಿಗೆ ಬೇಕಾಗಿದ್ದದ್ದು ಅರ್ಜಿಗಳನ್ನು ನೀಟಾಗಿ ಅಚ್ಚು ಹಾಕುವ ಅನುಕೂಲ. ಡೊನಾಲ್ಡ್ ಕ್ನೂತ್ ಅವರ ‘ಟೆಕ್’ನಿಂದ ಗಣಿತದ ಪುಸ್ತಕಗಳು ಇಂದಿಗೂ ಸೊಗಸಾಗಿ ಬರುತ್ತಿವೆ. ಅಲ್ಲೆಲ್ಲ ಮನುಷ್ಯ ಬರೆದ ಬರಹವನ್ನು ಯಂತ್ರ ಜೋಡಿಸಿತು. ಮಾದರಿಯ ವಿಷಯದಲ್ಲಿ ನಾವು ಕೇಳಿದ್ದು ಬೇರೆ: ಬರೆಯದೇ ಇದ್ದದ್ದನ್ನೂ ಜೋಡಿಸಿಕೊಡು ಎಂದು.

ರಾಶಿಯಲ್ಲಿ ಕಳೆದುಹೋದ ಮಾತು

ಇಷ್ಟಕ್ಕೂ ದಸ್ತಾವೇಜು ಯಾರಿಗೆ ಬೇಕು? 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಮೇಲೆ, ಮುಂದಿನ ದಶಕದಲ್ಲಿ ಈ ಊರಿನ ಸಾವಿರಾರು ಎಂಜಿನಿಯರುಗಳು ಸಮುದ್ರದಾಚೆಯ ಗಿರಾಕಿಗಳಿಗಾಗಿ ದುಡಿಯತೊಡಗಿದರು. ಮುಖ ನೋಡದ ಗಿರಾಕಿಗೆ ಕೈಯಲ್ಲಿ ಹಿಡಿಯಲು ಸಿಗುವುದು ದಸ್ತಾವೇಜು. ಪಿಟ್ಸ್‌ಬರ್ಗ್‌ನ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ ಗುಣಮಟ್ಟದ ಐದು ಮೆಟ್ಟಿಲುಗಳಲ್ಲಿ ಮೇಲಿನದನ್ನು 2000ದ ಆಸುಪಾಸಿನಲ್ಲಿ ಏರಿದ ಸಂಸ್ಥೆಗಳಲ್ಲಿ ದೊಡ್ಡ ಪಾಲು ಭಾರತದವು. ಆ ಏಣಿ ಹತ್ತಲು ಬರವಣಿಗೆಯ ದಾಖಲೆ ಅಗತ್ಯ. ದಾಖಲೆ ‘ಇದೆಯೇ’ ಎಂದು ನೋಡುವುದು ಸುಲಭ. ಅದನ್ನು ಓದಿದರೆ ತಿಳಿಯುತ್ತದೆಯೇ ಎಂದು ನೋಡುವುದು ಕಷ್ಟ. ಗುಂಡಿ ಒತ್ತಿ ತೆಗೆದ ನಾಲ್ಕುನೂರು ಪುಟ ಮೊದಲ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಎರಡನೆಯ ಪರೀಕ್ಷೆ ಎಷ್ಟು ಮುಖ್ಯವೆಂಬುದಕ್ಕೆ 1996ರ ಜೂನ್ 4ರ ಘಟನೆ ಸಾಕ್ಷಿ. ಅಂದು ಫ್ರೆಂಚ್ ಗಯಾನಾದ ಕೌರೂವಿನಿಂದ ಮೊದಲ ಬಾರಿಗೆ ಮೇಲೇರಿದ ಯುರೋಪಿನ ಏರಿಯಾನ್-5 ರಾಕೆಟ್ ಒಂದು ನಿಮಿಷ ತುಂಬುವ ಮೊದಲೇ ದಾರಿ ತಪ್ಪಿ ಚೂರಾಯಿತು. ಕಾರಣ ಹಳೆಯ ಏರಿಯಾನ್-4ರಿಂದ ತಂದ ಸಾಫ್ಟ್‌ವೇರ್. ಅದರಲ್ಲಿ ಒಂದು ದೊಡ್ಡ ಸಂಖ್ಯೆಯನ್ನು 16 ಬಿಟ್‌ಗಳ ಸಣ್ಣ ಜಾಗಕ್ಕೆ ತುಂಬುವ ಕೆಲಸವಿತ್ತು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚಾದ್ದರಿಂದ ಸಂಖ್ಯೆ ಹಿಡಿಸಲಿಲ್ಲ. ಇಂಥ ಅಪಾಯವಿದ್ದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ರಕ್ಷಣೆ ಇತ್ತು, ಮೂರಕ್ಕೆ ಇರಲಿಲ್ಲ. ಆ ಮೂರು ಮಿತಿ ಮೀರಲಾರವು ಎಂದು ಹಿಂದೆ ತಿಳಿದೇ ಹಾಗೆ ಬಿಟ್ಟಿದ್ದರು. ಏಕೆ ಬಿಟ್ಟರು ಎಂಬ ಸಮರ್ಥನೆ ಕಾರ್ಯಕ್ರಮದಲ್ಲಿ ನೇರವಾಗಿ ಎಲ್ಲೂ ಇರಲಿಲ್ಲ. ಆ ಊಹೆಯನ್ನು ಎಲ್ಲರೂ ಒಪ್ಪಿದ್ದರೂ, ದಸ್ತಾವೇಜುಗಳ ರಾಶಿಯಿಂದಾಗಿ ಹೊರಗಿನ ಪರಿಶೀಲಕರ ಕಣ್ಣಿಗೆ ಅದು ಮರೆಯಾಗಿಬಿಟ್ಟಿತ್ತು ಎಂಬುದನ್ನು ತನಿಖಾ ಮಂಡಳಿ ಗುರುತಿಸಿತು. ಅಲ್ಲಿನ ಕಾಗದಗಳನ್ನು ಗುಂಡಿ ಒತ್ತಿ ತೆಗೆದಿದ್ದರು ಎಂದು ಇದರ ಅರ್ಥವಲ್ಲ. ಆದರೆ ಪಾಠ ಒಂದೇ: ಕಾಗದ ಕಡಿಮೆಯಿದ್ದು ಸೋತದ್ದಲ್ಲ, ಬೇಕಾದ ಒಂದು ಮಾತು ಓದುವವನಿಗೆ ಸಿಗದೆ ಸೋತದ್ದು.

ಆ ‘ಏಕೆ’ ಎಂಬುದಕ್ಕೆ ಮಾದರಿಯಲ್ಲಿ ಪೆಟ್ಟಿಗೆ ಇರುವುದು ಅಪರೂಪ. ಡೇವಿಡ್ ಪಾರ್ನಾಸ್ ಮತ್ತು ಪಾಲ್ ಕ್ಲೆಮೆಂಟ್ಸ್ 1986ರ ತಮ್ಮ ಹೆಸರಾಂತ ಲೇಖನದಲ್ಲಿ ಇದನ್ನೇ ಬಿಡಿಸಿ ಹೇಳಿದರು. ವಿನ್ಯಾಸಕಾರ ತಡವರಿಸುತ್ತ ನಡೆದಿರಬಹುದು. ಓದುವವನಿಗೆ ಮಾತ್ರ ನೇರ ದಾರಿ ಹಾಕಿಕೊಡಬೇಕು, ಬೇಡವೆಂದು ಬಿಟ್ಟ ದಾರಿಗಳ ಕಾರಣವನ್ನೂ ಬರೆದಿಡಬೇಕು ಎಂಬುದು ಅವರ ವಾದ. ಬರೆಯುವವನಿಗೆ ಹೊಳೆದ ಕ್ರಮದಲ್ಲಿ, ಇಲ್ಲವೇ ಯಂತ್ರ ನಡೆಯುವ ಕ್ರಮದಲ್ಲಿ ದಸ್ತಾವೇಜು ಇದ್ದರೆ ಅದರಲ್ಲಿ ಹುಡುಕಿದ್ದು ಸಿಗುವುದಿಲ್ಲ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾದ ಹಿಮಗಿರಿಯಲ್ಲಿ ಸೇರಿದ 17 ಜನ, ಭಾರೀ ದಸ್ತಾವೇಜಿಗಿಂತ ನಡೆಯುವ ಸಾಫ್ಟ್‌ವೇರ್ ಮೇಲು ಎಂಬ ಅರ್ಥದ ಘೋಷಣೆ ಹೊರಡಿಸಿದರು. ದಸ್ತಾವೇಜು ಬೇಡ ಎಂದು ಅವರು ಹೇಳಿರಲಿಲ್ಲ. ಹಲವರು ಹಾಗೆಂದೇ ಕೇಳಿಸಿಕೊಂಡರು. ರಾಶಿಯಿಂದ ಬೇಸತ್ತಿದ್ದವರಿಗೆ ಅದು ಬಿಡುಗಡೆಯಂತೆ ಕಂಡಿತು.

ಹಾಗಾದರೆ ಗುಂಡಿಯನ್ನು ಕಿತ್ತೆಸೆಯಬೇಕೆ? ಬೇಕಿಲ್ಲ. ಪಟ್ಟಿ, ಕೋಷ್ಟಕ, ಹೆಸರುಗಳ ಸೂಚಿ, ಯಾವ ಬೇಡಿಕೆ ಎಲ್ಲಿ ಪೂರೈಸಿತು ಎಂಬ ಲೆಕ್ಕ: ಇವುಗಳಲ್ಲಿ ಯಂತ್ರ ಮನುಷ್ಯನಿಗಿಂತ ನಂಬಿಕಸ್ಥ. ಅವನ್ನು ಅದಕ್ಕೇ ಬಿಟ್ಟು ಪ್ರತಿ ಸಲವೂ ಹೊಸದಾಗಿ ತೆಗೆಯಬೇಕು, ಕೈಯಿಂದ ಮುಟ್ಟಬಾರದು. ಹತ್ತಿಪ್ಪತ್ತು ಪುಟಗಳ ಕಥನವನ್ನು ಮನುಷ್ಯನೇ ಬರೆದು, ಗುಂಡಿಯ ಕೈಗೆ ಸಿಗದಂತೆ ಬೇರೆ ಇಡಬೇಕು. ಈ ಸಾಫ್ಟ್‌ವೇರ್ ಏಕೆ ಹೀಗಿದೆ, ಯಾವುದನ್ನು ನಂಬಿ ಕಟ್ಟಿದ್ದೇವೆ, ಆ ನಂಬಿಕೆ ಸುಳ್ಳಾದರೆ ಏನಾಗುತ್ತದೆ ಎಂಬುದು ಅದರಲ್ಲಿರಬೇಕು. ಚಿತ್ರವನ್ನು ಬಿಡಿಸುವಾಗಲೇ ಕಾಗದದ ಅಗಲ ನೆನಪಿಟ್ಟರೆ ಭೂತಗನ್ನಡಿಯೂ ಬೇಡ.

ದಸ್ತಾವೇಜನ್ನು ಓದುವವನು ಇಂದು ಪಕ್ಕದ ಕುರ್ಚಿಯಲ್ಲಿ ಕೂತವನಲ್ಲ. ಅವನು ಹತ್ತು ವರ್ಷದ ನಂತರ, ಬರೆದವರೆಲ್ಲ ಕೆಲಸ ಬಿಟ್ಟು ಹೋದ ಮೇಲೆ, ಏನೋ ಕೆಟ್ಟು ನಿಂತ ರಾತ್ರಿ ಕಡತ ತೆರೆಯುವವನು. ಮಾದರಿಗೆ ಅವನ ಪರಿಚಯವಿಲ್ಲ. ಬರೆಯುವವರು ಅವನನ್ನು ನೆನೆದುಕೊಂಡೇ ಬರೆಯಬೇಕು.