ಸಿಗರೇಟು ಪ್ಯಾಕಿನೊಳಗಿನ ಸಿನಿಮಾ ತಾರೆಯರು

ಇತಿಹಾಸದ ಆಕರಗಳು ಯಾವುವು ಎಂದು ಕೇಳಿದರೆ ನಮ್ಮ ಶಾಲೆಯ ಎಂಟನೇ ತರಗತಿಯ ಮಗುವೂ ಶಾಸನ, ನಾಣ್ಯ, ತಾಳೆಗರಿ, ಸ್ಮಾರಕ ಎಂದು ಒಂದೇ ಉಸಿರಿಗೆ ಹೇಳುತ್ತದೆ. ಉತ್ತರ ಸರಿಯೇ. ಆದರೆ ಶಾಸನ ಬರೆಸಿದವರು ಹೆಚ್ಚಾಗಿ ಅರಸರು, ನಾಣ್ಯ ಟಂಕಿಸಿದವರೂ ಅವರೇ. ಸಾಮಾನ್ಯ ಜನ ಏನನ್ನು ಆಸೆಪಟ್ಟರು, ಮಕ್ಕಳು ಏನನ್ನು ಕೂಡಿಹಾಕಿದರು ಎಂಬುದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಅದನ್ನು ಅವರು ಬಳಸಿ ಬಿಸಾಡಿದ ವಸ್ತುಗಳಲ್ಲೇ ಹುಡುಕಬೇಕು. ಅಂಥ ವಸ್ತುಗಳಲ್ಲಿ ಒಂದು, ಸುಮಾರು ನೂರು ವರ್ಷಗಳ ಹಿಂದೆ ಬ್ರಿಟನ್ನಿನಲ್ಲಿ ಸಿಗರೇಟು ಪ್ಯಾಕಿನೊಳಗೆ ಉಚಿತವಾಗಿ ಬರುತ್ತಿದ್ದ ಚಿತ್ರದ ಕಾರ್ಡು. ಅದರಲ್ಲೂ ಸಿನಿಮಾ ತಾರೆಯರ ಕಾರ್ಡುಗಳ ಕಥೆಯಲ್ಲಿ ನಮ್ಮ ಮೈಸೂರು ಸೀಮೆಯ ಹುಡುಗನೊಬ್ಬನೂ ಇದ್ದಾನೆ. ಅದಕ್ಕೇ ಈ ಸುವರ್ಣ ಮಹೋತ್ಸವ ಸಂಚಿಕೆಗೆ ಆ ವಿಷಯವನ್ನು ಆರಿಸಿಕೊಂಡಿದ್ದೇನೆ.

ಮೊದಲು ಈ ಕಾರ್ಡು ಹುಟ್ಟಿದ ಬಗೆಯನ್ನು ನೋಡೋಣ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದಲ್ಲಿ ಸಿಗರೇಟುಗಳನ್ನು ತೆಳುವಾದ ಕಾಗದದ ಪೊಟ್ಟಣದಲ್ಲಿ ಮಾರುತ್ತಿದ್ದರು. ಜೇಬಿನಲ್ಲಿಟ್ಟರೆ ಪೊಟ್ಟಣ ನಜ್ಜುಗುಜ್ಜಾಗಿ ಸಿಗರೇಟು ಮುರಿಯುತ್ತಿತ್ತು. ಅದಕ್ಕೆ ಒಂದು ರಟ್ಟಿನ ತುಂಡನ್ನು ಒಳಗಿಟ್ಟರು. ಖಾಲಿ ರಟ್ಟು ಏಕೆ ಇರಬೇಕು, ಅದರ ಮೇಲೊಂದು ಚಿತ್ರ ಇರಲಿ ಎಂದು ತಯಾರಕರಿಗೆ ಹೊಳೆಯಿತು. ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದ ಅಲೆನ್ ಅಂಡ್ ಗಿಂಟರ್ ಕಂಪನಿ 1880ರ ದಶಕದಲ್ಲಿ ಆಟಗಾರರು, ನಟಿಯರು, ಪಕ್ಷಿಗಳು ಹೀಗೆ ಹಲವು ಮಾಲಿಕೆಗಳನ್ನು ಹೊರತಂದಿತು.

ಇದರ ಹಿಂದೆ ಒಂದು ಯಂತ್ರವೂ ಇತ್ತು. ಅಲ್ಲಿಯವರೆಗೆ ಸಿಗರೇಟನ್ನು ಕೆಲಸಗಾರರು ಕೈಯಲ್ಲೇ ಸುತ್ತುತ್ತಿದ್ದರು. ಎಷ್ಟೇ ಚುರುಕಾದ ಕೈಯಾದರೂ ನಿಮಿಷಕ್ಕೆ ನಾಲ್ಕೈದು ಸಿಗರೇಟಿಗಿಂತ ಹೆಚ್ಚು ಆಗುತ್ತಿರಲಿಲ್ಲ. ಜೇಮ್ಸ್ ಬೊನ್ಸಾಕ್ ಎಂಬ ಯುವಕ 1880ರ ಸುಮಾರಿಗೆ ರೂಪಿಸಿದ ಯಂತ್ರ ನಿಮಿಷಕ್ಕೆ ಸುಮಾರು 200 ಸಿಗರೇಟು ಸುತ್ತಿತು. ಇಷ್ಟೊಂದು ಸರಕು ತಯಾರಾದ ಮೇಲೆ ಕೊಳ್ಳುವವರನ್ನೂ ಹುಟ್ಟಿಸಬೇಕಲ್ಲವೇ? ಆಗ ಆ ರಟ್ಟಿನ ತುಂಡಿಗೆ ಹೊಸ ಕೆಲಸ ಬಂತು. ಸಿಗರೇಟನ್ನು ಮುರಿಯದಂತೆ ಕಾಯುವ ಕೆಲಸ ಹಿಂದಾಗಿ, ಇನ್ನೊಂದು ಪ್ಯಾಕು ಕೊಳ್ಳುವಂತೆ ಮಾಡುವ ಕೆಲಸ ಮುಂದಾಯಿತು.

ಬ್ರಿಟನ್ನಿನಲ್ಲಿ ಬ್ರಿಸ್ಟಲ್ ನಗರದ ವಿಲ್ಸ್ ಕಂಪನಿ ಬೊನ್ಸಾಕ್ ಯಂತ್ರವನ್ನೂ ತಂದಿತು, ಕಾರ್ಡಿನ ಪದ್ಧತಿಯನ್ನೂ ತಂದಿತು. 1901ರಲ್ಲಿ ಅಮೆರಿಕದ ಪೈಪೋಟಿಯನ್ನು ಎದುರಿಸಲು ವಿಲ್ಸ್, ಜಾನ್ ಪ್ಲೇಯರ್ ಮೊದಲಾದ 13 ಬ್ರಿಟಿಷ್ ಕಂಪನಿಗಳು ಸೇರಿ ಇಂಪೀರಿಯಲ್ ಟೊಬ್ಯಾಕೊ ಎಂಬ ದೊಡ್ಡ ಸಂಸ್ಥೆಯನ್ನು ಕಟ್ಟಿದವು. ಅಲ್ಲಿಂದ ಮುಂದಿನ ನಲವತ್ತು ವರ್ಷ ಕಾರ್ಡುಗಳ ಸುಗ್ಗಿ. ಸಾಮಾನ್ಯ ಕಾರ್ಡು ಸುಮಾರು 67 ಮಿಲಿಮೀಟರ್ ಉದ್ದ, 36 ಮಿಲಿಮೀಟರ್ ಅಗಲ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಮುಂಭಾಗದಲ್ಲಿ ಚಿತ್ರ. ಹಿಂಭಾಗದಲ್ಲಿ ಮಾಲಿಕೆಯ ಹೆಸರು, ಕ್ರಮಸಂಖ್ಯೆ, ಚಿತ್ರದ ಬಗ್ಗೆ ನಾಲ್ಕಾರು ಸಾಲಿನ ವಿವರ, ಕೆಳಗೆ ಕಂಪನಿಯ ಹೆಸರು. ಒಂದು ಮಾಲಿಕೆಗೆ ಸಾಮಾನ್ಯವಾಗಿ 25 ಅಥವಾ 50 ಕಾರ್ಡು. ಗುಟ್ಟು ಇರುವುದು ಆ ಕ್ರಮಸಂಖ್ಯೆಯಲ್ಲಿ. 49 ಕಾರ್ಡು ಸೇರಿಸಿದವನಿಗೆ ಉಳಿದ ಒಂದು ಸಿಗುವವರೆಗೆ ನಿದ್ದೆ ಬರುವುದಿಲ್ಲ.

ಹಡಗು, ಹಕ್ಕಿ, ಹೂವು, ಕ್ರಿಕೆಟ್ ಆಟಗಾರರು ಎಲ್ಲ ಆದ ಮೇಲೆ ಸಿನಿಮಾದ ಸರದಿ ಬಂತು. ವಿಲ್ಸ್ ಕಂಪನಿ 1928ರಲ್ಲಿ ಸಿನಿಮಾ ತಾರೆಯರ ಎರಡು ಮಾಲಿಕೆಗಳನ್ನೂ 1931ರಲ್ಲಿ ಮೂರನೆಯದನ್ನೂ ಹೊರಡಿಸಿತು. ಜಾನ್ ಪ್ಲೇಯರ್ ಕಂಪನಿ 1934ರಲ್ಲಿ 50 ತಾರೆಯರ ಮಾಲಿಕೆ ತಂದಿತು. ಬೆಲ್‌ಫಾಸ್ಟ್‌ನ ಗ್ಯಾಲಹರ್ ಕಂಪನಿ 1935ರಲ್ಲಿ ಜೋಡಿ ನಟನಟಿಯರ 48 ಕಾರ್ಡುಗಳನ್ನು ಕೊಟ್ಟಿತು. ಕಾಲವನ್ನು ಹೋಲಿಸಿಕೊಳ್ಳಲು ಹೇಳುವುದಾದರೆ, ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರಲ್ಲಿ.

ಆ ಕಾಲದ ಸಿನಿಮಾ ಬಹುಪಾಲು ಕಪ್ಪು ಬಿಳುಪು. ಗ್ರೇಟಾ ಗಾರ್ಬೊಳ ಕಣ್ಣಿನ ಬಣ್ಣವಾಗಲಿ, ಉಡುಪಿನ ಬಣ್ಣವಾಗಲಿ ತೆರೆಯ ಮೇಲೆ ಕಾಣುತ್ತಿರಲಿಲ್ಲ. ಆದರೆ ಹಲವು ಕಾರ್ಡುಗಳಲ್ಲಿ ಕಲಾವಿದರು ಭಾವಚಿತ್ರಕ್ಕೆ ಬಣ್ಣ ತುಂಬುತ್ತಿದ್ದರು. ಆಟ ಮುಗಿದೊಡನೆ ತೆರೆಯ ಮೇಲಿನ ಮುಖ ಮಾಯವಾಗುತ್ತಿತ್ತು. ಕಾರ್ಡಿನ ಮುಖ ಮಾತ್ರ ಮನೆಗೆ ಬರುತ್ತಿತ್ತು, ಪುಸ್ತಕದ ನಡುವೆ ಉಳಿಯುತ್ತಿತ್ತು. ಸಿನಿಮಾದವರಿಗೆ ಖರ್ಚಿಲ್ಲದ ಪ್ರಚಾರ, ಸಿಗರೇಟಿನವರಿಗೆ ಮಾರಾಟ. ಇಬ್ಬರಿಗೂ ಲಾಭ.

ಇನ್ನು ಈ ಕಾರ್ಡುಗಳನ್ನು ಕೂಡಿಸುತ್ತಿದ್ದವರು ಯಾರು? ದೊಡ್ಡವರೂ ಇದ್ದರು, ಆದರೆ ಅವುಗಳ ಬೆನ್ನು ಹತ್ತಿದವರು ಹೆಚ್ಚಾಗಿ ಶಾಲೆಯ ಮಕ್ಕಳು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬ್ರಿಟನ್ನಿನಲ್ಲಿ 1908ರ ಮಕ್ಕಳ ಕಾಯ್ದೆಯ ಪ್ರಕಾರ 16 ವರ್ಷದೊಳಗಿನವರಿಗೆ ಸಿಗರೇಟು ಮಾರುವಂತಿರಲಿಲ್ಲ. ಆದರೆ ಮಕ್ಕಳು ಆಸೆಪಡುವ ಚಿತ್ರವನ್ನು ಪ್ಯಾಕಿನೊಳಗೆ ಇಡಬಾರದು ಎಂದು ಆ ಕಾಯ್ದೆ ಹೇಳಿರಲಿಲ್ಲ. ಹಾಗಾಗಿ ಮಕ್ಕಳು ಅಂಗಡಿಯ ಹೊರಗೆ ನಿಂತು, ಪ್ಯಾಕು ಕೊಂಡು ಬಂದ ಗಂಡಸರನ್ನು ಕಾರ್ಡು ಕೊಡಿ ಎಂದು ಕೇಳುತ್ತಿದ್ದರು. ಮನೆಯಲ್ಲಿ ಅಪ್ಪನನ್ನೋ ಮಾವನನ್ನೋ ಕಾಡುತ್ತಿದ್ದರು. ತಮ್ಮಲ್ಲಿಲ್ಲದ ಕಾರ್ಡು ಯಾವ ಕಂಪನಿಯದೋ ಆ ಕಂಪನಿಯ ಸಿಗರೇಟನ್ನೇ ಸೇದುವಂತೆ ಹೇಳುತ್ತಿದ್ದರು. ಕಂಪನಿಗೆ ಬೇಕಾಗಿದ್ದೂ ಅದೇ. ಸಂಬಳವಿಲ್ಲದೆ ಮನೆಮನೆಯಲ್ಲೂ ಅದಕ್ಕೊಬ್ಬ ಮಾರಾಟಗಾರ ಸಿಕ್ಕಿದ್ದ.

ಹೀಗೆಂದು ಕಾರ್ಡಿನಿಂದ ಒಳ್ಳೆಯದೇ ಆಗಲಿಲ್ಲ ಎಂದರೆ ಅದೂ ನ್ಯಾಯವಲ್ಲ. ಮನೆಯಲ್ಲಿ ಒಂದೇ ಒಂದು ಪುಸ್ತಕವಿಲ್ಲದ ಕೂಲಿಕಾರರ ಮಕ್ಕಳು ಕಾರ್ಡಿನ ಹಿಂಭಾಗ ಓದಿ ಹಕ್ಕಿಗಳ ಹೆಸರು, ದೂರದ ದೇಶಗಳ ಹೆಸರು ಕಲಿತರು. ಕಾರ್ಡು ಅಂಟಿಸುವ ಆಲ್ಬಮ್ಮನ್ನು ಕಂಪನಿಗಳು ಒಂದು ಪೆನ್ನಿಗೆ ಮಾರುತ್ತಿದ್ದವು. ಎರಡೆರಡು ಇದ್ದ ಕಾರ್ಡುಗಳನ್ನು ಮಕ್ಕಳು ಬದಲಾಯಿಸಿಕೊಳ್ಳುತ್ತಿದ್ದರು. ಗೋಡೆಯ ಕಡೆಗೆ ಕಾರ್ಡು ಚಿಮ್ಮಿಸಿ, ಗೆದ್ದವನು ಸೋತವನ ಕಾರ್ಡು ಕಿತ್ತುಕೊಳ್ಳುವ ಆಟವೂ ಇತ್ತು. ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಹಾಕಿ ಪಂದ್ಯ ಕಟ್ಟಿ ಆಡಿದ ನಮ್ಮೂರ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆಕರವಾಗಿ ಓದಿದಾಗ ಈ ಕಾರ್ಡುಗಳು ತಾವು ಹೇಳಹೊರಟಿದ್ದಕ್ಕಿಂತ ಹೆಚ್ಚನ್ನು ಹೇಳುತ್ತವೆ. 1928ರ ಮಾಲಿಕೆ ಮೂಕಿ ಚಿತ್ರಗಳ ಕಾಲದ್ದು; 1934ರ ಹೊತ್ತಿಗೆ ಮಾತು ಬಂದಾಗಿತ್ತು. ಎರಡೂ ಮಾಲಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಆರು ವರ್ಷಗಳಲ್ಲಿ ಯಾರು ಉಳಿದರು, ಯಾರು ಮರೆಯಾದರು ಎಂಬ ಲೆಕ್ಕ ಸಿಗುತ್ತದೆ. ಯಾವುದನ್ನು ಬಿಟ್ಟರು ಎಂಬುದೂ ಮುಖ್ಯವೇ. ವಿಲ್ಸ್ ಕಂಪನಿ ವಾಟರ್ಲೂ ಯುದ್ಧದ ಬಗ್ಗೆ ಒಂದು ಮಾಲಿಕೆಯನ್ನು ಸಿದ್ಧಪಡಿಸಿತ್ತು. ಅಷ್ಟರಲ್ಲಿ ಮೊದಲನೇ ಮಹಾಯುದ್ಧ ಬಂತು, ಫ್ರಾನ್ಸ್ ಬ್ರಿಟನ್ನಿನ ಮಿತ್ರನಾಯಿತು. ಮಿತ್ರನ ಹಳೆಯ ಸೋಲನ್ನು ನೆನಪಿಸುವುದು ಬೇಡವೆಂದು ಆ ಮಾಲಿಕೆಯನ್ನು ಹಂಚಲೇ ಇಲ್ಲ.

ಜರ್ಮನಿಯ ಕಥೆ ಇನ್ನೂ ಕಹಿಯಾದದ್ದು. ಬರ್ಲಿನ್ ನಗರದ ಹೈನ್‌ರಿಕ್ ರಾಸ್ ಎಂಬ ಪ್ರಕಾಶಕ ಸಿನಿಮಾ ತಾರೆಯರ ಅಂಚೆ ಕಾರ್ಡುಗಳಿಗೆ ಹೆಸರಾದವನು. ಸಿಗರೇಟು ಕಂಪನಿಗಳಿಗೂ ತಾರೆಯರ ಚಿತ್ರ ಒದಗಿಸಿದವನು. ಚಿತ್ರದ ಮೂಲೆಯಲ್ಲಿ ‘ರಾಸ್’ ಎಂಬ ಮುದ್ರೆ ಇರುತ್ತಿತ್ತು. ಅವನು ಯಹೂದಿ. ನಾಜಿಗಳ ಆಡಳಿತದಲ್ಲಿ ಅವನ ಸಂಸ್ಥೆ ಅವನ ಕೈತಪ್ಪಿತು. 1939ರಲ್ಲಿ ಅವನು ದೇಶ ಬಿಟ್ಟು ಅಮೆರಿಕಕ್ಕೆ ಹೋಗಬೇಕಾಯಿತು. ಅವನು ಹೋದ ಮೇಲೂ ಕೆಲಕಾಲ ಅವನ ಹೆಸರಿನ ಮುದ್ರೆ ಚಿತ್ರಗಳ ಮೇಲೆ ಬರುತ್ತಲೇ ಇತ್ತು. ಮುದ್ರೆಯಿಂದ ವ್ಯಾಪಾರವಿತ್ತು, ಮನುಷ್ಯ ಬೇಡವಾಗಿದ್ದ.

ಈಗ ನಮ್ಮ ಸೀಮೆಯ ಹುಡುಗನ ವಿಷಯಕ್ಕೆ ಬರೋಣ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು, ಮೈಸೂರು ಮಹಾರಾಜರ ಮಾವುತನೊಬ್ಬನ ಮಗ. ಬಾಲ್ಯದಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಆನೆಲಾಯದ ಆಸರೆಯಲ್ಲಿ ಬೆಳೆಯುತ್ತಿದ್ದ. ರಾಬರ್ಟ್ ಫ್ಲಾಹರ್ಟಿ ಎಂಬ ಚಿತ್ರನಿರ್ದೇಶಕ, ಕಿಪ್ಲಿಂಗ್ ಬರೆದ ಆನೆಯ ಹುಡುಗ ತೂಮಾಯಿಯ ಕಥೆಯನ್ನು ಚಿತ್ರ ಮಾಡಲು 1935ರಲ್ಲಿ ಮೈಸೂರಿಗೆ ಬಂದ. ಅವನ ತಂಡದ ಕಣ್ಣಿಗೆ ಸಾಬು ಬಿದ್ದ. ಹೊರಾಂಗಣದ ದೃಶ್ಯಗಳು ಮೈಸೂರಿನ ಕಡೆ, ಉಳಿದವು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ. ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಗೆ ಬಂದಾಗ ಸಾಬು ಜಗತ್ತಿಗೇ ಪರಿಚಿತನಾದ. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಆ ಚಿತ್ರದ ನಿರ್ದೇಶನಕ್ಕೆ ಪ್ರಶಸ್ತಿ ಬಂತು.

ಹೀಗೆ 1930ರ ದಶಕದ ಕೊನೆಯಲ್ಲಿ ಕಾರಾಪುರದ ಸಾಬುವಿನ ಮುಖವೂ ಬ್ರಿಟನ್ನಿನ ಸಿಗರೇಟು ಕಾರ್ಡಿಗೆ ಏರಿತು. ಆಗ ಅವನಿಗೆ ಹದಿನಾಲ್ಕು ಹದಿನೈದರ ವಯಸ್ಸು. ಅಂದರೆ ಪ್ಯಾಕಿನೊಳಗೆ ಅವನ ಚಿತ್ರವಿದ್ದರೂ, ಅಲ್ಲಿನ ಕಾಯ್ದೆಯ ಪ್ರಕಾರ ಆ ಪ್ಯಾಕನ್ನು ಅಂಗಡಿಯವನು ಅವನಿಗೆ ಮಾರುವಂತಿರಲಿಲ್ಲ! ಸಿಗರೇಟಿನ ಜಾಹೀರಾತಿಗೆ ಮಗುವಿನ ಮುಖ ಬೇಕು, ಆದರೆ ಮಗು ಕೊಳ್ಳುವಂತಿಲ್ಲ ಎಂಬ ಎರಡು ನಾಲಿಗೆಯ ಮಾತನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಆಕರ ಬೇರೆ ಬೇಕೇ?

ಕಾರ್ಡು ಹೇಳದ ವಿಷಯಗಳೂ ಇವೆ. 1938ರ ‘ದಿ ಡ್ರಮ್’ ಚಿತ್ರದಲ್ಲಿ ಸಾಬು ಗಡಿನಾಡಿನ ರಾಜಕುಮಾರನ ವೇಷ ಹಾಕಿದ್ದ. ಅಲ್ಲಿ ಆ ಚಿತ್ರ ಜನಪ್ರಿಯವಾದರೆ, ಮುಂಬಯಿಯಲ್ಲಿ ಅದು ಬ್ರಿಟಿಷ್ ಆಳ್ವಿಕೆಯನ್ನು ಹೊಗಳುತ್ತದೆಂದು ಜನ ಬೀದಿಗಿಳಿದು ಪ್ರತಿಭಟಿಸಿದರು. ಮುಂದೆ ಸಾಬು ‘ದಿ ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’ ಚಿತ್ರಗಳಲ್ಲಿ ನಟಿಸಿದ. 1944ರಲ್ಲಿ ಅಮೆರಿಕದ ಪ್ರಜೆಯಾದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಗನ್ನರ್ ಆಗಿ ಹೋರಾಡಿ ಶೌರ್ಯಪದಕ ಪಡೆದ. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ 39 ವರ್ಷ. ಯುದ್ಧದಿಂದ ಬಂದ ಮೇಲೆ ಅವನಿಗೆ ಮೊದಲಿನಂಥ ದೊಡ್ಡ ಪಾತ್ರಗಳು ಹೆಚ್ಚು ಸಿಗಲಿಲ್ಲ. ಕಾರ್ಡಿನಲ್ಲಿ ಮಾತ್ರ ಅವನು ಇಂದಿಗೂ ಆನೆಯ ಹುಡುಗ.

ಕಾರ್ಡುಗಳ ಕಾಲ ಮುಗಿದದ್ದು ಯಾರ ಮನಸ್ಸು ಬದಲಾದದ್ದರಿಂದಲೂ ಅಲ್ಲ, ಕಾಗದದ ಅಭಾವದಿಂದ. 1940ರಲ್ಲಿ ಯುದ್ಧದ ಕಾರಣಕ್ಕೆ ಬ್ರಿಟನ್ನಿನಲ್ಲಿ ಅವು ನಿಂತವು. ಯುದ್ಧ ಮುಗಿದ ಮೇಲೂ ಹಳೆಯ ವೈಭವ ಮರಳಲಿಲ್ಲ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ವಿಜ್ಞಾನಿಗಳು ಲಂಡನ್ ಆಸ್ಪತ್ರೆಗಳ ರೋಗಿಗಳನ್ನು ಅಧ್ಯಯನ ಮಾಡಿ, ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಪ್ರಕಟಿಸಿದರು. ಚಿಕ್ಕಂದಿನಲ್ಲಿ ಕಾರ್ಡು ಕೂಡಿಸಿದ್ದ ತಲೆಮಾರು ಆ ಹೊತ್ತಿಗೆ ತಾನೇ ಪ್ಯಾಕು ಕೊಳ್ಳುವ ವಯಸ್ಸಿಗೆ ಬಂದಾಗಿತ್ತು. ಇಂದು ಆ ಕಾರ್ಡುಗಳು ಸಂಗ್ರಹಾಲಯ ಸೇರಿವೆ. ಎಡ್ವರ್ಡ್ ವಾರ್ಟನ್ ಟೈಗರ್ ಎಂಬ ಹವ್ಯಾಸಿ ಜೀವಮಾನವಿಡೀ ಕೂಡಿಸಿದ ಅಗಾಧ ಸಂಗ್ರಹ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಈ ಕಥೆ ನಮಗೆ ದೂರದ್ದಲ್ಲ. ಇಂಪೀರಿಯಲ್ ಟೊಬ್ಯಾಕೊ ಹೆಸರಿನಲ್ಲೇ 1910ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಕಂಪನಿ ಸ್ಥಾಪನೆಯಾಯಿತು. ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಅದರ ಸಿಗರೇಟು ಕಾರ್ಖಾನೆ ಎದ್ದಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹೊಲಗಳಲ್ಲಿ ಇಂದಿಗೂ ಸಿಗರೇಟಿಗೆಂದೇ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತಾರೆ. ಸಾಬು ಹುಟ್ಟಿದ ತಾಲ್ಲೂಕು ಇಂದು ಹೊಗೆಸೊಪ್ಪಿನ ತಾಲ್ಲೂಕೂ ಹೌದು. ಆ ಬೆಳೆಯಿಂದಲೇ ಮಕ್ಕಳ ಶಾಲೆಯ ಖರ್ಚು ನಿಭಾಯಿಸುವ ರೈತರನ್ನು ದೂರುವುದು ನನ್ನ ಉದ್ದೇಶವಲ್ಲ.

ಆದರೆ ಪ್ಯಾಕಿನ ಮೇಲಿನ ಚಿತ್ರ ಬದಲಾಗಿದೆ. 2003ರ ಕೇಂದ್ರ ಕಾಯ್ದೆ ತಂಬಾಕಿನ ಜಾಹೀರಾತನ್ನೂ, 18 ವರ್ಷದೊಳಗಿನವರಿಗೆ ಮಾರುವುದನ್ನೂ, ಶಾಲೆಯಿಂದ ನೂರು ಗಜದೊಳಗೆ ಮಾರುವುದನ್ನೂ ನಿಷೇಧಿಸಿತು. 2016ರ ಏಪ್ರಿಲ್‌ನಿಂದ ಪ್ಯಾಕಿನ ಶೇಕಡಾ 85 ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಿದೆ. ಒಂದು ಕಾಲಕ್ಕೆ ಗಾರ್ಬೊ, ಚಾಪ್ಲಿನ್, ಸಾಬು ನಗುತ್ತಿದ್ದ ಪ್ಯಾಕಿನಲ್ಲಿ ಈಗ ಕ್ಯಾನ್ಸರ್ ರೋಗಿಯ ಚಿತ್ರ. ಎರಡು ಚಿತ್ರಗಳ ನಡುವೆ ಮುಕ್ಕಾಲು ಶತಮಾನ ಕಳೆದಿದೆ, ಲೆಕ್ಕವಿಲ್ಲದಷ್ಟು ಜೀವಗಳು ಹೋಗಿವೆ.

ಈ ಸುವರ್ಣ ಮಹೋತ್ಸವದ ವರ್ಷದಲ್ಲಿ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಬೆಂಕಿಪೊಟ್ಟಣದ ಚಿತ್ರ, ಸಿನಿಮಾ ಹಾಡಿನ ಪುಸ್ತಕ, ಬಸ್ಸಿನ ಹಳೆಯ ಟಿಕೆಟ್ಟು, ಜಾತ್ರೆಯ ಕರಪತ್ರ ಏನಾದರೂ ಉಳಿದಿದ್ದರೆ ಎಸೆಯಬೇಡಿ. ಯಾವ ವರ್ಷದ್ದು, ಯಾರಲ್ಲಿತ್ತು ಎಂದು ಒಂದು ಚೀಟಿ ಬರೆದು ಶಾಲೆಗೆ ಕೊಡಿ. ಇತಿಹಾಸದ ತರಗತಿಗೆ ಒಂದು ಬೀರು ಸಾಕು. ಮಕ್ಕಳು ಅವುಗಳನ್ನು ಕೈಯಲ್ಲಿ ಹಿಡಿದು, ಇದನ್ನು ಯಾರು ಮಾಡಿಸಿದರು, ಯಾರಿಗಾಗಿ ಮಾಡಿಸಿದರು, ಪುಕ್ಕಟೆ ಕೊಟ್ಟಿದ್ದರೆ ಅದರ ಬೆಲೆಯನ್ನು ಕೊನೆಗೆ ಯಾರು ತೆತ್ತರು ಎಂದು ಕೇಳುವುದನ್ನು ಕಲಿಯಲಿ. ಈ ಪ್ರಶ್ನೆಗಳು ಪರೀಕ್ಷೆಗೆ ಬಾರದೆ ಇರಬಹುದು. ಶಾಲೆಯ ಗೇಟು ದಾಟಿದ ಮೇಲೆ, ಪುಕ್ಕಟೆಯಾಗಿ ಏನನ್ನಾದರೂ ಕೈಗಿಡುವವರು ಎದುರಾದಾಗ ಖಂಡಿತ ಬೇಕಾಗುತ್ತವೆ.