ಕುದುರೆಯೋ, ಟಿಕೆಟ್ಟೋ? ಲಾಟರಿ ಸಂಸ್ಥೆಗಳ ರೇಸ್ ಬಾಜಿಯಲ್ಲಿ ಕೌಶಲ ಮತ್ತು ಹಾನಿಯ ಪ್ರಶ್ನೆ

ಕುದುರೆ ರೇಸಿನ ಮೇಲೆ ಹಣ ಕಟ್ಟುವುದು ಕೌಶಲದ ಆಟ, ಲಾಟರಿ ಕೇವಲ ಅದೃಷ್ಟದ ಆಟ ಎಂಬ ವಿಂಗಡಣೆ ನಮ್ಮ ಕಾನೂನು ಚರ್ಚೆಯಲ್ಲಿ ಬೇರೂರಿದೆ. 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕುದುರೆಯ ತಳಿ, ತರಬೇತಿ, ಜಾಕಿಯ ಸಾಮರ್ಥ್ಯಗಳನ್ನು ಎತ್ತಿ ಹೇಳಿ, ರೇಸ್ ಜೂಜಲ್ಲ ಎಂದು ತೀರ್ಪಿತ್ತಿತು. 1999ರ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸರ್ಕಾರವೇ ನಡೆಸಿದರೂ ಲಾಟರಿ ಜೂಜೇ ಎಂದಿತು. ಫ್ರಾನ್ಸಿನ ಚಿಂತಕ ರೋಜೇ ಕಯ್ವಾ 1958ರ ತನ್ನ ಆಟ-ಮೀಮಾಂಸೆಯಲ್ಲಿ ಬೇರೆಯೇ ದಾರಿ ಹಿಡಿದಿದ್ದ. ಅವನ ಪ್ರಕಾರ ರೇಸ್ ಜಾಕಿಗಳಿಗೆ ಸ್ಪರ್ಧೆ. ಹಣ ಕಟ್ಟುವವರಿಗೆ ಅದೃಷ್ಟಪರೀಕ್ಷೆ.

ನ್ಯಾಯಾಲಯದ ಮತ್ತು ಕಯ್ವಾನ ನಿಲುವು ಬೇರೆಯಾದರೂ ಇಬ್ಬರೂ ರೇಸ್ ಬಾಜಿಯನ್ನು ಇಡಿಯಾಗಿ ಒಂದು ವರ್ಗಕ್ಕೆ ಸೇರಿಸುತ್ತಾರೆ. ಅಲ್ಲಿಯೇ ತೊಡಕಿದೆ ಎಂಬುದು ಈ ಲೇಖನದ ವಾದ. ಲಾಟರಿ ಮತ್ತು ರೇಸ್ ಎರಡನ್ನೂ ಒಂದೇ ಸಂಸ್ಥೆ ಮಾರುವ ಕಡೆ, ವರ್ಗೀಕರಿಸಬೇಕಾದದ್ದು ಆಟವನ್ನಲ್ಲ, ಗ್ರಾಹಕನ ಕೈಗೆ ಬರುವ ಟಿಕೆಟ್ಟನ್ನು.

ಒಪ್ಪಿತ ಸಂಗತಿಗಳನ್ನು ಬೇಗ ಹೇಳಿ ಮುಂದೆ ಹೋಗಬಹುದು. ಟೋಟ್ ಪದ್ಧತಿಯನ್ನು 1860ರ ದಶಕದಲ್ಲಿ ಪ್ಯಾರಿಸಿನಲ್ಲಿ ಜೋಸೆಫ್ ಓಲೆ ರೂಪಿಸಿದ. ಕಟ್ಟಿದ ಹಣವೆಲ್ಲ ಒಂದು ಪೂಲ್‌ಗೆ ಸೇರುತ್ತದೆ. ಸಂಸ್ಥೆ ನಿಗದಿತ ಪಾಲನ್ನು ಮುರಿದುಕೊಂಡು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತದೆ. 1891ರ ಕಾನೂನು ಫ್ರಾನ್ಸಿನಲ್ಲಿ ಇದಕ್ಕೆ ಮನ್ನಣೆ ಕೊಟ್ಟಿತು. ಬುಕ್ಕಿಯಂತಲ್ಲದೆ ಟೋಟ್ ಸಂಸ್ಥೆಗೆ ಯಾವ ಕುದುರೆ ಗೆದ್ದರೂ ಒಂದೇ. ಆದ್ದರಿಂದಲೇ ಅದು ಹೆಚ್ಚು ಹೊಣೆಗಾರಿಕೆಯ ವ್ಯವಸ್ಥೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಆದರೆ ಫಲಿತಾಂಶದಲ್ಲಿ ನಿರ್ಲಿಪ್ತವಾದ ಸಂಸ್ಥೆ ವಹಿವಾಟಿನ ಗಾತ್ರದಲ್ಲಿ ನಿರ್ಲಿಪ್ತವಲ್ಲ. ಪೂಲ್ ಹಿಗ್ಗಿದಷ್ಟೂ ಅದರ ಪಾಲು ಹಿಗ್ಗುತ್ತದೆ.

ಈಗ ಟಿಕೆಟ್ಟನ್ನು ಹತ್ತಿರದಿಂದ ನೋಡೋಣ. ಫ್ರಾನ್ಸಿನ ರೇಸ್ ಬಾಜಿ ಸಂಸ್ಥೆ ಪಿಎಂಯು 1989ರಲ್ಲಿ ಆರಂಭಿಸಿದ 'ಕ್ಯಾಂಟೆ ಪ್ಲಸ್' ಬಾಜಿಯಲ್ಲಿ ಮೊದಲ ಐದು ಕುದುರೆಗಳನ್ನು ಊಹಿಸಬೇಕು. ಕ್ರಮವೂ ಸರಿಯಿದ್ದರೆ ಹಣ ಹೆಚ್ಚು. ಕುದುರೆಗಳ ಹಿಂದಿನ ದಾಖಲೆಯನ್ನು ಪತ್ರಿಕೆಯಲ್ಲಿ ಓದಿ ಲೆಕ್ಕ ಹಾಕುವವರು ಇದ್ದಾರೆ. ಆದರೆ ಕೆಫೆಯ ಕೌಂಟರಿನಲ್ಲಿ 'ಸ್ಪಾಟ್' ಎಂದು ಕೇಳಿದರೆ ಸಾಕು, ಕುದುರೆಗಳನ್ನು ಯಂತ್ರವೇ ಆರಿಸಿ ಚೀಟಿ ಮುದ್ರಿಸುತ್ತದೆ. ಗ್ರಾಹಕ ಒಂದು ಕುದುರೆಯ ಹೆಸರನ್ನೂ ಓದಬೇಕಿಲ್ಲ. ಇದಕ್ಕಿಂತ ಗಮನಾರ್ಹವಾದದ್ದು ಅದೇ ಬಾಜಿಯಲ್ಲಿ ಬಹುಕಾಲ ನಡೆದುಬಂದ 'ಪ್ಲಸ್ ನಂಬರ್'. ಚೀಟಿಯ ಮೇಲೆ ಯಂತ್ರ ತಾನಾಗಿ ಒಂದು ಸಂಖ್ಯೆಯನ್ನು ಮುದ್ರಿಸುತ್ತಿತ್ತು. ಐದೂ ಕುದುರೆಗಳನ್ನು ಸರಿಯಾದ ಕ್ರಮದಲ್ಲಿ ಹೇಳಿದವನಿಗೂ, ಈ ಸಂಖ್ಯೆ ಡ್ರಾದಲ್ಲಿ ಬಂದರೆ ಮಾತ್ರ ದೊಡ್ಡ ಬಹುಮಾನ ಸಿಗುತ್ತಿತ್ತು. ರೇಸ್ ಬಾಜಿಯ ಹೊಟ್ಟೆಯೊಳಗೆ ಲಾಟರಿಯೊಂದು ಸೇರಿಕೊಂಡಿತ್ತು ಎಂದರೆ ಅತಿಶಯೋಕ್ತಿಯಲ್ಲ. ಸ್ವೀಡನ್ನಿನ ಎಟಿಜಿ ಸಂಸ್ಥೆಯಲ್ಲಿ ಇಂಥ ಯಂತ್ರಚೀಟಿಗೆ 'ಹ್ಯಾರಿ ಬಾಯ್' ಎಂದು ಹೆಸರು.

ಈ ಚೀಟಿಗಳ ಮುಂದೆ ಲಕ್ಷ್ಮಣನ್ ತೀರ್ಪಿನ ತರ್ಕ ನಿಲ್ಲುವುದಿಲ್ಲ. ತಳಿ, ತರಬೇತಿ, ಜಾಕಿಯ ಚಾಕಚಕ್ಯತೆ ಎಲ್ಲವೂ ಓಟದಲ್ಲಿವೆ, ನಿಜ. ಆದರೆ ಚೀಟಿ ಕೊಂಡವನ ತಲೆಯಲ್ಲಿ ಯಾವುದೂ ಇಲ್ಲ. ಕುದುರೆಯ ಕೌಶಲವನ್ನು ಹಣ ಕಟ್ಟಿದವನ ಕೌಶಲವೆಂದು ಎಣಿಸಲಾಗದು. ಹಾಗೆಂದು ಕಯ್ವಾನ ಕಡೆಗೆ ಪೂರ್ತಿ ವಾಲುವುದೂ ಸಾಧ್ಯವಿಲ್ಲ. ಹ್ಯಾರಿ ಬಾಯ್ ಎಲ್ಲ ಕುದುರೆಗಳನ್ನೂ ಸಮವಾಗಿ ಕಾಣುವುದಿಲ್ಲ. ಜನ ಹೆಚ್ಚು ಹಣ ಕಟ್ಟಿದ ಕುದುರೆ ಆಯ್ಕೆಯಾಗುವ ಸಾಧ್ಯತೆ ಹೆಚ್ಚು. ಅಂದರೆ ಆ ಚೀಟಿಯಲ್ಲಿ ಕೌಶಲವಿದೆ, ಆದರೆ ಅದು ಬೇರೆಯವರಿಂದ ಎರವಲು ತಂದದ್ದು.

ಇಲ್ಲಿಂದ ಮುಂದಿನ ಮಾತನ್ನು ಎಚ್ಚರಿಕೆಯಿಂದ ಹೇಳಬೇಕು. ಯಂತ್ರಚೀಟಿ ಕೌಶಲದಲ್ಲಿ ಬಡವಾದರೂ, ಕೆಲವು ಸಂದರ್ಭಗಳಲ್ಲಿ ಕೌಶಲದ ಬಾಜಿಗಿಂತ ಕಡಿಮೆ ಹಾನಿಕರ ಎಂದು ನನಗೆ ತೋರುತ್ತದೆ. ಎಂದರೆ, ನಮ್ಮ ಕಾನೂನು ಹಿಡಿದಿರುವ ಅಳತೆಗೋಲು ಹಾನಿಯನ್ನು ಅಳೆಯುವುದಿಲ್ಲ. ಒಮ್ಮೊಮ್ಮೆ ತಲೆಕೆಳಗಾಗಿಯೇ ಅಳೆಯುತ್ತದೆ. ಜೂಜಿನ ಮನಶ್ಶಾಸ್ತ್ರದಲ್ಲಿ ಮಾರ್ಕ್ ಗ್ರಿಫಿತ್ಸ್ ಮೊದಲಾದವರು ಒತ್ತಿ ಹೇಳುತ್ತ ಬಂದಿರುವುದು ಆವರ್ತನೆಯನ್ನು: ಒಂದು ಬಾಜಿಯ ಫಲಿತಾಂಶಕ್ಕೂ ಮುಂದಿನ ಬಾಜಿಗೂ ನಡುವಿನ ಅಂತರ ಕಿರಿದಾದಷ್ಟೂ ಚಟ ಅಂಟುವ ಅಪಾಯ ಹೆಚ್ಚು. ಕ್ಯಾಂಟೆ ಪ್ಲಸ್ ಸಾಮಾನ್ಯವಾಗಿ ದಿನಕ್ಕೆ ಒಂದೇ ರೇಸಿನ ಮೇಲೆ ನಡೆಯುತ್ತದೆ. ಬಿಡಿ ರೇಸಿನ 'ವಿನ್' ಬಾಜಿಯೋ ಅರ್ಧ ಗಂಟೆಗೊಮ್ಮೆ ಎದುರಿಗೆ ಬಂದು ನಿಲ್ಲುತ್ತದೆ.

ಹಾಂಕಾಂಗ್ ಜಾಕಿ ಕ್ಲಬ್ಬಿನ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ರೇಸ್ ಬಾಜಿಯನ್ನೂ 1975ರಿಂದ ಬಂದ 'ಮಾರ್ಕ್ ಸಿಕ್ಸ್' ಲಾಟರಿಯನ್ನೂ ಒಟ್ಟಿಗೆ ನಡೆಸುವ ಸಂಸ್ಥೆ ಅದು. ಅಲ್ಲಿ ವಿನ್ ಬಾಜಿಯಲ್ಲಿ ಮುರಿದುಕೊಳ್ಳುವುದು ಶೇ. 17.5, ಲಾಟರಿಯಲ್ಲಿ ಶೇ. 46. ಮೇಲುನೋಟಕ್ಕೆ ಲಾಟರಿಯೇ ದುಬಾರಿ. ಆದರೆ ಒಂದು ಸಂಜೆ ಎಂಟು ರೇಸುಗಳಿಗೆ ತಲಾ 100 ಡಾಲರ್ ಕಟ್ಟಿದವನು ಸರಾಸರಿಯಲ್ಲಿ 140 ಡಾಲರ್ ಕಳೆದುಕೊಳ್ಳುತ್ತಾನೆ. 10 ಡಾಲರಿನ ಐದು ಲಾಟರಿ ಬಾಜಿ ಕಟ್ಟಿದವನು 23 ಡಾಲರ್. ದರಕ್ಕಿಂತ ಮೊತ್ತವೂ ಆವರ್ತನೆಯೂ ಜೇಬನ್ನು ಹೆಚ್ಚು ಕೊರೆಯುತ್ತವೆ.

ಇದರ ಜೊತೆಗೆ ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ 1975ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೆನೆಯಬೇಕು. ಲಾಟರಿ ಚೀಟಿಯನ್ನು ತಾವೇ ಆರಿಸಿಕೊಂಡವರು ಅದನ್ನು ಮರಳಿ ಮಾರಲು ಕೇಳಿದ ಬೆಲೆ ಸರಾಸರಿ 8.67 ಡಾಲರ್, ಕೊಟ್ಟ ಚೀಟಿ ಹಿಡಿದವರು ಕೇಳಿದ್ದು 1.96. ತಾನೇ ಆರಿಸಿದೆ ಎಂಬ ಭಾವನೆಯೇ ಹಿಡಿತದ ಭ್ರಮೆಯನ್ನು ಹುಟ್ಟಿಸುತ್ತದೆ. ಲಾಟರಿಯಲ್ಲೇ ಹೀಗಾದರೆ, ಅರ್ಧ ಕೌಶಲವಿರುವ ರೇಸಿನಲ್ಲಿ ಸೋತವನು 'ಮುಂದಿನ ರೇಸಿನಲ್ಲಿ ಸರಿಯಾಗಿ ಲೆಕ್ಕ ಹಾಕುತ್ತೇನೆ' ಎಂದು ಮತ್ತೆ ಕೌಂಟರಿಗೆ ಹೋಗುವುದು ಸಹಜ.

ಆದರೂ ಈ ವಾದಕ್ಕೆ ಮೂರು ಮಿತಿಗಳಿವೆ. ನಿಜವಾದ ಪರಿಣತಿ ಇರುವವನಿಗೆ ಕೌಶಲದ ಬಾಜಿ ನಷ್ಟವನ್ನು ತಗ್ಗಿಸಬಲ್ಲದು. ಅವನ ವಿಷಯದಲ್ಲಿ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ. ಯಂತ್ರಚೀಟಿಯನ್ನೇ ದಿನವಿಡೀ ರೇಸಿನ ಮೇಲೆ ರೇಸಿಗೆ ಮಾರಿದರೆ ಅದರ ಮೇಲ್ಮೆ ಅಳಿಸಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ರೇಸಿನ ಗಂಧಗಾಳಿ ಇಲ್ಲದವರನ್ನು ಒಳಗೆ ಕರೆತರುವುದು ಇದೇ ಚೀಟಿ. ಒಬ್ಬೊಬ್ಬರಿಗೆ ಹಾನಿ ಕಡಿಮೆಯಾದರೂ ಆಡುವವರ ಸಂಖ್ಯೆ ಹೆಚ್ಚಿದರೆ ಸಮಾಜದ ಒಟ್ಟು ಹಾನಿ ಏರಬಹುದು. ಹೀಗಾಗಿ ನನ್ನ ಮಾತು ಆವರ್ತನೆ ಕಡಿಮೆಯಿರುವ, ಮೊತ್ತಕ್ಕೆ ಮಿತಿಯಿರುವ ಚೀಟಿಗಷ್ಟೇ ಸೀಮಿತ.

ಪೈಪೋಟಿಯ ಪ್ರಶ್ನೆಯೂ ಟಿಕೆಟ್ಟಿನ ಸುತ್ತಲೇ ತಿರುಗುತ್ತದೆ. ಟೋಟ್‌ನಲ್ಲಿ ದೊಡ್ಡ ಪೂಲ್ ಇದ್ದವನೇ ಬಲಶಾಲಿ: ಆಡ್ಸ್ ಸ್ಥಿರ, ಬಹುಮಾನ ದೊಡ್ಡದು. 2010ರಲ್ಲಿ ಫ್ರಾನ್ಸ್ ಆನ್‌ಲೈನ್ ಬಾಜಿಯನ್ನು ಸ್ಪರ್ಧೆಗೆ ತೆರೆದ ಮೇಲೂ ಪಿಎಂಯು ತನ್ನ ಏಕಸ್ವಾಮ್ಯದ ಅಂಗಡಿಗಳ ಪೂಲನ್ನೂ ಆನ್‌ಲೈನ್ ಪೂಲನ್ನೂ ಬೆರೆಸುತ್ತಿತ್ತು. ಸ್ಪರ್ಧಾ ಪ್ರಾಧಿಕಾರದ ಮುಂದೆ 2014ರಲ್ಲಿ ಅವುಗಳನ್ನು ಬೇರ್ಪಡಿಸಲು ಒಪ್ಪಿತು. 2023ರಲ್ಲಿ ಲಾಟರಿ ಸಂಸ್ಥೆಯಾದ ಎಫ್‌ಡಿಜೆ, ಝಡ್‌ಇಟರ್ಫ್ ಎಂಬ ಆನ್‌ಲೈನ್ ರೇಸ್ ಬಾಜಿ ಸಂಸ್ಥೆಯನ್ನು ಕೊಂಡಾಗಲೂ, ಏಕಸ್ವಾಮ್ಯದ ಲಾಟರಿ ವ್ಯವಹಾರವನ್ನು ಸ್ಪರ್ಧೆಯ ವ್ಯವಹಾರದಿಂದ ಪ್ರತ್ಯೇಕವಾಗಿ ಇಡಬೇಕೆಂಬ ಷರತ್ತು ಬಂತು. ಈ ಗೋಡೆ ಎದುರಾಳಿಗಳ ಹಿತಕ್ಕೆ ಕಟ್ಟಿದ್ದು. ಆದರೆ ವಾರಕ್ಕೊಮ್ಮೆ ಲಾಟರಿ ಕೊಳ್ಳುವವನನ್ನು ಅರ್ಧ ಗಂಟೆಗೊಂದು ರೇಸಿನ ಕಡೆಗೆ ದೂಡದಂತೆ ಅದು ತಡೆಯಬಲ್ಲದು; ಹೊಣೆಗಾರಿಕೆಯ ದೃಷ್ಟಿಯಿಂದ ಅದರ ಬೆಲೆ ಇನ್ನೂ ಹೆಚ್ಚು.

ಹಾಂಕಾಂಗ್ ಹಿಡಿದ ದಾರಿ ಬೇರೆ. ಅಕ್ರಮ ಬುಕ್ಕಿಗಳು ಕೊಡುತ್ತಿದ್ದ ರಿಯಾಯಿತಿಯನ್ನು ಎದುರಿಸಲು 2006ರಲ್ಲಿ ತೆರಿಗೆಯನ್ನು ವಹಿವಾಟಿನ ಬದಲು ಒಟ್ಟು ಲಾಭದ ಮೇಲೆ ಹಾಕಲಾಯಿತು. ಕ್ಲಬ್ಬು 10,000 ಡಾಲರ್ ಮತ್ತು ಅದಕ್ಕೂ ಹೆಚ್ಚಿನ ಸೋತ ಬಾಜಿಗಳಿಗೆ ಶೇ. 10 ಹಿಂದಿರುಗಿಸತೊಡಗಿತು. ಪೈಪೋಟಿಯ ಅಸ್ತ್ರವಾಗಿ ಇದು ಜಾಣತನದ ಕ್ರಮವೇ. ಆದರೆ ಅತಿ ಹೆಚ್ಚು ಸೋಲುವವನಿಗೇ ಉತ್ತೇಜನ ಕೊಡುವ ಕ್ರಮವನ್ನು ಹೊಣೆಗಾರಿಕೆಯ ಹೆಸರಿನಲ್ಲಿ ಸಮರ್ಥಿಸುವುದನ್ನು ನಾನು ಒಪ್ಪಲಾರೆ.

ಇನ್ನು ನಮ್ಮಲ್ಲಿ, ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಲ್ಲಿಸಿತು. ಬೆಂಗಳೂರು ಟರ್ಫ್ ಕ್ಲಬ್ಬಿನ ಟೋಟ್ ಮುಂದುವರಿಯಿತು. ಜಿಎಸ್‌ಟಿಯಾದರೋ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ: ಮೊದಲು ಶೇ. 28, 2025ರ ಸೆಪ್ಟೆಂಬರ್‌ನಿಂದ ಶೇ. 40. ಸತತ ಐದು ರೇಸುಗಳ ವಿಜೇತರನ್ನು ಹೇಳಬೇಕಾದ ಜಾಕ್‌ಪಾಟ್ ಟಿಕೆಟ್ಟನ್ನೂ ಒಂದೇ ರೇಸಿನ ವಿನ್ ಟಿಕೆಟ್ಟನ್ನೂ ಪ್ರತ್ಯೇಕವಾಗಿ ನೋಡುವ ಕ್ರಮ ನ್ಯಾಯಾಲಯದಲ್ಲೂ ಇಲ್ಲ, ತೆರಿಗೆಯಲ್ಲೂ ಇಲ್ಲ. ಯಂತ್ರಚೀಟಿಯಿಂದ ಆಡಲು ಆರಂಭಿಸಿದವರಲ್ಲಿ ಎಷ್ಟು ಮಂದಿ ಮುಂದೆ ಬಿಡಿ ರೇಸಿನ ಬಾಜಿಗೆ ಹೊರಳುತ್ತಾರೆ ಎಂಬುದು ಈ ಲೇಖನದ ವಾದಕ್ಕೆ ನಿರ್ಣಾಯಕ. ಸಂಸ್ಥೆಗಳು ಗ್ರಾಹಕರ ಗುರುತು ಮರೆಮಾಡಿ ಖಾತೆಗಳ ದಾಖಲೆಯನ್ನು ಸಂಶೋಧಕರಿಗೆ ತೆರೆದರೆ ಮಾತ್ರ ಅದು ಇತ್ಯರ್ಥವಾಗಬಲ್ಲದು.