ಕೇರಿಯ ಅಂಚೆ

ಊರಿನ ಸಾವಿನ ಸುದ್ದಿಯನ್ನು ಹತ್ತೂರಿಗೆ ಹೊತ್ತವರು ನಾವು. ಗೌಡರ ಮನೆಯಲ್ಲಿ ಹೆಣ ಬಿದ್ದರೆ ನಮ್ಮ ತಾತ ನಡುರಾತ್ರೀಲಿ ಎದ್ದು ನೆಂಟರ ಊರುಗಳಿಗೆ ಬರಿಗಾಲಲ್ಲಿ ಓಡಬೇಕಿತ್ತು. ಅಲ್ಲಿಯೂ ಬೀದಿಯಲ್ಲೇ ನಿಂತು ಕೂಗಿ ಹೇಳಬೇಕು, ಜಗಲಿ ತುಳಿಯುವಂತಿಲ್ಲ. ಸುದ್ದಿ ಒಳಗೆ ಹೋಗುತ್ತಿತ್ತು, ತಂದವನು ಹೊರಗೇ ಉಳಿಯುತ್ತಿದ್ದ.

ನಮಗೆ ಶಾಲೆಯಲ್ಲಿ ಕಲಿಸಿದ್ದು ಅರಸರ ಅಂಚೆ. 17ನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿದ ಮೈಸೂರು ಅಂಚೆ ಬೇಹುಗಾರಿಕೆಯನ್ನೂ ಮಾಡುತ್ತಿತ್ತು. 1889ರಲ್ಲಿ ಅದು ಬ್ರಿಟಿಷರ ಅಂಚೆಯಲ್ಲಿ ಸೇರಿಹೋಯಿತು. ಅಷ್ಟರಲ್ಲಿ, 1879ರಲ್ಲಿ, ಕಾಲಾಣೆಯ ಕಾರ್ಡು ಬಂದಿತ್ತು. ಕಾಲಾಣೆಗೆ ಜಾತಿಯಿಲ್ಲ, ನಿಜ. ಆದರೆ ಕಾರ್ಡು ಕೇರಿಯವರೆಗೆ ಬರಬೇಕಲ್ಲ?

ನಮ್ಮಪ್ಪನ ಕಾಲದಲ್ಲೂ ನಮ್ಮ ಕಾಗದಗಳು ಊರೊಳಗಿನ ಅಂಗಡಿಯ ಜಗಲಿಗೆ ಬಂದು ಬೀಳುತ್ತಿದ್ದವು. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಏಳನೇ ಕ್ಲಾಸು ಪಾಸಾಗಿದ್ದ ಅಪ್ಪನಿಗೆ ಜವಾನನ ಕೆಲಸದ ಸಂದರ್ಶನಕ್ಕೆ ಬಂದ ಕಾಗದ, ತಾರೀಖು ಮುಗಿದ ಮೇಲೆ ಕೈಸೇರಿತು. ಅಪ್ಪ ಮತ್ತೆ ಕೂಲಿಗೆ ಹೋದ.

ಆದರೆ ಕೇರಿಗೂ ಒಂದು ಅಂಚೆಯಿತ್ತು. ಸಂತೆಯೇ ಅದರ ಆಫೀಸು. ಅತ್ತೆಗೆ ಹೆರಿಗೆಯಾದರೆ, "ನಿಮ್ಮೂರ ಕಡೆ ಹೋಗೋರಿಗೆ ಹೇಳ್ಬಿಡಣ್ಣ, ಹೆಣ್ಣು ಮಗು ಅಂತ" ಅಂದರೆ ಸಾಕು. ಮೂರು ಬಾಯಿ ದಾಟಿ ಸುದ್ದಿ ಅಜ್ಜಿಯ ಬಾಗಿಲಿಗೆ ತಲುಪುತ್ತಿತ್ತು. ಸೌದೆ ಮಾರುವ ಹೆಂಗಸರು, ತವರಿಗೆ ಹೊರಟ ಸೊಸೆಯರು, ಕೂಲಿಗೆ ಗುಳೆ ಹೋದವರು ಇದರ ಹರಕಾರರು. ಓದು ಬಾರದವರ ನೆನಪೇ ಲಕೋಟೆ. ಈ ಓಟಕ್ಕೆ ಅಪ್ಪಣೆಯಿರಲಿಲ್ಲ, ಪ್ರೀತಿಯಿತ್ತು.

ಅಪ್ಪಣೆಯ ಓಟಕ್ಕೆ ತಡೆ ಹಾಕಲು ಹೊರಟವರು ಬಾಬಾಸಾಹೇಬರು. ಹೊತ್ತುಗೊತ್ತಿಲ್ಲದ ದುಡಿಮೆ, ಖಾತ್ರಿಯಿಲ್ಲದ ಕೂಲಿ, ಇದೇ ಮಹಾರರ ವತನ. 1874ರ ವತನ ಕಾಯ್ದೆಯನ್ನು ತಿದ್ದಲು ಅವರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಮಸೂದೆ ತಂದರು. ಬೆಳಗಾವಿ, ಧಾರವಾಡ, ವಿಜಾಪುರಗಳು ಆಗ ಮುಂಬೈ ಪ್ರಾಂತದಲ್ಲಿದ್ದವು. ಮಸೂದೆ ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಕಾಯ್ದೆಯ ಕಾಗದವೂ ಕೇರಿಗೆ ತಡವಾಗಿಯೇ ಬಂತು; ತಾತ ಅದಾದ ಮೇಲೂ ಓಡಿದ.

ಈಗ ನಮ್ಮ ಕೈಯಲ್ಲಿ ಮೊಬೈಲಿದೆ. ಅರಸರ ಹರಕಾರರಿಗೆ ಪುಸ್ತಕದಲ್ಲಿ ಜಾಗ ಸಿಕ್ಕಿದೆ. ಮೇಷ್ಟ್ರೇ, ಗೆಳೆಯರೇ, ನಿಮ್ಮ ಕೇರಿಯ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಕೇಳಿ: ಯಾರ ಸುದ್ದಿ ಹೊತ್ತಿರಿ, ಎಷ್ಟು ದೂರ ನಡೆದಿರಿ, ಕೊಟ್ಟದ್ದೇನು? ಬರೆದಿಡಿ. ಅವರು ಹೋದರೆ ಆ ಕಾಗದ ಮತ್ತೆ ಸಿಗುವುದಿಲ್ಲ.